ಎಲ್ಲರೂ ಕೂತು ಎಲ್ಲರನ್ನೂ ನೋಡುವ ಕಟ್ಟೆ: 100×40 ಅಡಿ ಜಾಗದಲ್ಲಿ ಹೇಗೆ?

ಪ್ರಶ್ನೆ: ಕಲಬುರಗಿಯ ಹಳೆಯ ಬಡಾವಣೆಯೊಂದರಲ್ಲಿ ನಮ್ಮ ನಿವಾಸಿಗಳ ಸಂಘವಿದೆ. ಬಸ್ ಸ್ಟಾಪಿಗೂ ತರಕಾರಿ ಸಂತೆಗೂ ನಡುವೆ, ರಸ್ತೆಯ ಉದ್ದಕ್ಕೆ, ಸುಮಾರು 100 ಅಡಿ ಉದ್ದ 40 ಅಡಿ ಅಗಲದ ಸಾರ್ವಜನಿಕ ಜಾಗ ಖಾಲಿ ಬಿದ್ದಿದೆ. ಬೇಲಿ ಹಾಕಿ, ಗೇಟು ಇಟ್ಟು, ನಾಲ್ಕಡಿ ಎತ್ತರದ ಡೆಕ್ ಕಟ್ಟಿ ತಿಂಡಿ ಅಂಗಡಿಗೆ ಬಾಡಿಗೆ ಕೊಡೋಣ, ಮೇಲೆ ಕೂತು ಚಹಾ ಕುಡಿಯುತ್ತ ಸಂಜೆಯ ಗದ್ದಲ ನೋಡಬಹುದು ಎನ್ನುತ್ತಾರೆ ಕೆಲವರು. ನಮಗೆ ಬೇಕಿರುವುದು ಬೇರೆ. ಹಮಾಲರು, ಕೂಲಿ ಹೆಣ್ಣುಮಕ್ಕಳು, ವಯಸ್ಸಾದವರು, ಗಾಲಿಕುರ್ಚಿಯವರು, ಕಾಲೇಜು ಹುಡುಗಿಯರು ಎಲ್ಲರೂ ಏನೂ ಕೊಳ್ಳದೆ ಸುಮ್ಮನೆ ಕೂತು ಜನ ನೋಡುವ ಜಾಗ. ರೊಕ್ಕ ಕಡಿಮೆ ಇದೆ. ಹೇಗೆ ಮಾಡುವುದು?

ಉತ್ತರ: ಡೆಕ್ ಬೇಡ, ಗೇಟೂ ಬೇಡ. ರೊಕ್ಕದ ಲೆಕ್ಕಕ್ಕಿಂತ ಮೊದಲು ಕಣ್ಣಿನ ಲೆಕ್ಕ ನೋಡಿ. ನಾಲ್ಕಡಿ ಮೇಲೆ ಕೂತವರಿಗೆ ಕೆಳಗೆ ಹೋಗುವ ಹೆಣ್ಣುಮಗಳ ತಲೆಯ ಮೇಲಿನ ಬುಟ್ಟಿಯಲ್ಲಿ ಏನಿದೆ ಅನ್ನುವುದೂ ಕಾಣುತ್ತದೆ. ಆಕೆಗೆ ಕಾಣುವುದು ಮೇಲಿನವರ ಚಪ್ಪಲಿ, ಕಪ್ಪಿನ ತಳ. ನೋಡುವವರು ಒಂದು ಗುಂಪು, ನೋಡಿಸಿಕೊಳ್ಳುವವರು ಇನ್ನೊಂದು ಗುಂಪು ಎಂದು ಜಾಗವೇ ಹಂಚಿಬಿಟ್ಟರೆ, ಆಮೇಲೆ ‘ಎಲ್ಲರಿಗೂ ಸ್ವಾಗತ’ ಎಂಬ ಬೋರ್ಡು ಹಾಕಿ ಉಪಯೋಗವಿಲ್ಲ.

ಶರಣಬಸವೇಶ್ವರರ ತೇರಿಗೆ ಬಂದವರನ್ನು, ಬಂದೇನವಾಜರ ಉರುಸಿಗೆ ಬಂದವರನ್ನು ನೆನಪಿಸಿಕೊಳ್ಳಿ. ತೇರು, ಸಂದಲ್ ಮೆರವಣಿಗೆ ಒಂದು ನೆಪ. ಬಂದವರು ಬಂದವರನ್ನೇ ನೋಡುತ್ತಾರೆ, ಬಳೆ ಅಂಗಡಿಯ ಮುಂದೆ ನಿಂತವಳೂ ನೋಡುತ್ತಾಳೆ, ಅವಳನ್ನೂ ನೋಡುತ್ತಾರೆ, ಬೇಜಾರಾದರೆ ಆಕೆ ಇನ್ನೊಂದು ಸಾಲಿಗೆ ಸರಿಯುತ್ತಾಳೆ. ಜಾಗ ಕಟ್ಟುವಾಗ ಹಿಡಿದಿಟ್ಟುಕೊಳ್ಳಬೇಕಾದ್ದು ಇದನ್ನೇ: ನೋಡುವವರು ತಾವೂ ಕಾಣಬೇಕು, ಕಾಣುವವರಿಗೂ ನೋಡಲು ಕೂರುವ ಜಾಗ ಬೇಕು, ಬೇಡವೆನಿಸಿದಾಗ ಮುಖ ತಿರುಗಿಸಲು, ಎದ್ದು ಹೋಗಲು ದಾರಿ ಬೇಕು. ಮುಂದೆ ಹೇಳುವ ಅಡಿ, ಇಂಚುಗಳೆಲ್ಲ ಇದಕ್ಕಾಗಿಯೇ.

ನಮ್ಮಲ್ಲಿ ಊರಬಾಗಿಲಿನ ಅಗಸಿ ಕಟ್ಟಿ, ಹನುಮಪ್ಪನ ಗುಡಿಯ ಕಟ್ಟಿ, ಅಂದರೆ ಕೂರುವ ಕಲ್ಲಿನ ಕಟ್ಟೆಗಳು ಇದ್ದವಲ್ಲ, ಅದನ್ನೇ ಮತ್ತೆ ಕಟ್ಟಿದರಾಯಿತು ಎಂದು ಹೇಳುವವರಿರುತ್ತಾರೆ. ಕಟ್ಟಿಯ ಕಲ್ಲು, ನೆರಳು, ಎತ್ತರ ಎಲ್ಲ ಕಲಿಯಬೇಕಾದವೇ. ಆದರೆ ಆ ಕಟ್ಟಿಯ ಮೇಲೆ ಯಾರು ಕೂರುತ್ತಿದ್ದರು, ಯಾರು ಕೆಳಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು, ಯಾರು ಸೆರಗು ಎಳೆದುಕೊಂಡು ದೂರದಿಂದ ಸುತ್ತಿ ಹೋಗುತ್ತಿದ್ದರು ಅನ್ನುವುದು ಹಿರಿಯರಿಗೆ ಗೊತ್ತಿದೆ. ಒಂದೇ ಕಟ್ಟಿ, ಒಂದೇ ಮುಖ, ಒಂದೇ ಎತ್ತರ ಇದ್ದರೆ ಅದನ್ನು ಒಂದೇ ಗುಂಪು ಹಿಡಿಯುತ್ತದೆ. ಅದಕ್ಕೇ ಕಟ್ಟಿಯನ್ನು ಒಡೆದು ಹಂಚಬೇಕು.

ನಕ್ಷೆಗೆ ಮೊದಲು ಎಣಿಕೆ ಮಾಡಿ. ಒಂದು ಸಾಮಾನ್ಯ ದಿನ, ಒಂದು ಸಂತೆಯ ದಿನ. ಬೆಳಿಗ್ಗೆ 7, 11, ಮಧ್ಯಾಹ್ನ 3, ಸಂಜೆ 6:30, ರಾತ್ರಿ 9. ಪ್ರತಿ ಸಲ 15 ನಿಮಿಷ. ಜಾಗದ ಒರಟು ನಕ್ಷೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋಗಿ: ಗಂಡಸು, ಹೆಂಗಸು, ಮಗು, ಕೋಲು ಹಿಡಿದವರು, ನಿಂತಿದ್ದಾರೋ, ಕೂತಿದ್ದಾರೋ, ಯಾವುದರ ಮೇಲೆ ಕೂತಿದ್ದಾರೆ. ಬೈಕಿನ ಸೀಟು, ಚರಂಡಿಯ ಕಟ್ಟೆ, ಮುಚ್ಚಿದ ಅಂಗಡಿಯ ಮೆಟ್ಟಿಲು ಎಲ್ಲವೂ ಲೆಕ್ಕಕ್ಕೆ ಬರಬೇಕು. ಒಂದು ಕಾಲಂ ಮಾತ್ರ ಬಿಡಬೇಡಿ: ಕೈಯಲ್ಲಿ ಫೋನಿಲ್ಲದೆ, ಮಗುವಿಲ್ಲದೆ, ಚೀಲವಿಲ್ಲದೆ, ಒಬ್ಬಳೇ ಹತ್ತು ನಿಮಿಷಕ್ಕಿಂತ ಹೆಚ್ಚು ಕೂತ ಹೆಣ್ಣುಮಗಳು. ಹೆಚ್ಚಿನ ಕಡೆ ಈ ಕಾಲಂ ಸೊನ್ನೆ ಇರುತ್ತದೆ. ಹೆಂಗಸರು ಬಸ್ಸಿಗಾಗಿ ಕಾಯುತ್ತಾರೆ, ಮಗುವಿಗಾಗಿ ಕಾಯುತ್ತಾರೆ, ಸುಮ್ಮನೆ ಕೂರುವುದಿಲ್ಲ. 1970ರ ದಶಕದಲ್ಲಿ ನ್ಯೂಯಾರ್ಕಿನ ಬಯಲುಗಳಲ್ಲಿ ಕ್ಯಾಮೆರಾ ಇಟ್ಟು ಜನ ಎಲ್ಲಿ, ಎಷ್ಟು ಹೊತ್ತು ಕೂರುತ್ತಾರೆಂದು ಎಣಿಸಿದ ವಿಲಿಯಂ ವೈಟ್ ಅವರಿಗೂ ಕಂಡದ್ದು ಇದೇ: ಚೆನ್ನಾಗಿ ಬಳಕೆಯಾಗುವ ಜಾಗದಲ್ಲಿ ಹೆಂಗಸರ ಪಾಲು ಹೆಚ್ಚಿರುತ್ತದೆ, ಕೆಟ್ಟ ಜಾಗವನ್ನು ಮೊದಲು ಬಿಡುವವರೂ ಅವರೇ.

ಎಷ್ಟು ಆಸನ ಬೇಕು? ವೈಟ್ ಅವರ ಎಣಿಕೆಯ ಮೇಲೆ 1975ರಲ್ಲಿ ನ್ಯೂಯಾರ್ಕ್ ನಗರ ಒಂದು ನಿಯಮ ಮಾಡಿತು: 30 ಚದರಡಿ ಬಯಲಿಗೆ 1 ಅಡಿ ಉದ್ದದ ಆಸನ. ನಿಮ್ಮದು 4,000 ಚದರಡಿ, ಅಂದರೆ ಸುಮಾರು 133 ಅಡಿ. ಒಬ್ಬರಿಗೆ 2 ಅಡಿ ಹಿಡಿದರೆ 66 ಜನ. ಕೇಳಲು ಹೆಚ್ಚೆನಿಸಬಹುದು, ಆದರೆ ಆಸನ ಕಡಿಮೆ ಇದ್ದಷ್ಟೂ ಮೊದಲು ಬಂದ ಗಟ್ಟಿ ಗುಂಪಿನ ಪಾಲಾಗುತ್ತದೆ. ನಾಲ್ಕು ಬೆಂಚು ಹಾಕಿ ‘ಪೋಲಿ ಹುಡುಗರೇ ಕೂರುತ್ತಾರೆ’ ಎಂದು ದೂರುವ ಪಾರ್ಕುಗಳಲ್ಲಿ ಹುಡುಗರಿಗಿಂತ ಹೆಚ್ಚಾಗಿ ಬೆಂಚಿನ ಲೆಕ್ಕವೇ ತಪ್ಪಿರುತ್ತದೆ.

ಈಗ 40 ಅಡಿ ಅಗಲವನ್ನು ಹೀಗೆ ಹಂಚಿ. ರಸ್ತೆಯ ಅಂಚಿನಿಂದ 5 ಅಡಿ ಮರ ಮತ್ತು ಬಂಡಿಗಳಿಗೆ. ನಂತರ 10 ಅಡಿ ನಡೆಯುವ ದಾರಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿ ಕನಿಷ್ಠ 1.8 ಮೀಟರ್ ಎನ್ನುತ್ತದೆ, ಸಂತೆಯ ಚೀಲ ಹೊತ್ತವರಿಗೆ ಅದು ಸಾಲದು. ಆಮೇಲೆ 7 ಅಡಿ ಖಾಲಿ. ನಂತರ 3 ಅಡಿ ಅಗಲದ ಮೊದಲ ಆಸನ ಸಾಲು. ಉಳಿದ 15 ಅಡಿ ಹಿಂದಿನ ಆಸನಗಳಿಗೆ, ಆಟದ ಕಲ್ಲಿಗೆ, ಮಲಗುವ ಕಲ್ಲಿನ ಹಾಸಿಗಾಗಿ.

ನಡುವಿನ ಆ 7 ಅಡಿಯನ್ನು ‘ವೇಸ್ಟ್ ಜಾಗ’ ಎಂದು ಗುತ್ತಿಗೆದಾರರು ತಿನ್ನಲು ಬರುತ್ತಾರೆ. ಬಿಟ್ಟುಕೊಡಬೇಡಿ. ಕೂತವರ ಮೊಣಕಾಲು ದಾರಿಗೆ ತಾಗುವಂತಿದ್ದರೆ ಹಾದುಹೋಗುವವರು ನಾಲ್ಕಡಿಯೊಳಗೆ ಬರುತ್ತಾರೆ. ಅಷ್ಟು ಹತ್ತಿರ ಪರಿಚಯದವರು ಮಾತ್ರ ಬರುವುದು ರೂಢಿ, ಅಪರಿಚಿತರು ಬಂದರೆ ಇಬ್ಬರ ಮೈಯೂ ಬಿಗಿಯಾಗುತ್ತದೆ. ಏಳಡಿ ದೂರದಲ್ಲಿ ಹೋಗುವವರನ್ನು ನೋಡಬಹುದು, ಬೇಕಿದ್ದರೆ ‘ಎಲ್ಲಿಗ್ರೀ’ ಎಂದು ಕೇಳಬಹುದು, ಸುಮ್ಮನಿದ್ದರೂ ತಪ್ಪೆನಿಸುವುದಿಲ್ಲ.

ಎಲ್ಲಕ್ಕಿಂತ ಕೆಟ್ಟ ತಪ್ಪು ದಾರಿಯ ಎರಡೂ ಬದಿಗೆ ಎದುರುಬದುರು ಬೆಂಚು ಹಾಕುವುದು. ನಕ್ಷೆಯಲ್ಲಿ ಬಹಳ ಚೆಂದ ಕಾಣುತ್ತದೆ. ಸಂಜೆ ಆರೂವರೆಗೆ ಎರಡೂ ಬೆಂಚಿನ ಮೇಲೆ ಗಂಡಸರು ತುಂಬಿದ ಮೇಲೆ ಆ ದಾರಿಯಲ್ಲಿ ನಡೆದು ನೋಡಿ. ಎಡಕ್ಕೆ ನೋಡಿದರೆ ಕಣ್ಣು, ಬಲಕ್ಕೆ ನೋಡಿದರೆ ಕಣ್ಣು, ನೆಲ ನೋಡುತ್ತ ಬೇಗ ದಾಟುವುದೊಂದೇ ಉಳಿಯುವ ದಾರಿ. ವಾರದೊಳಗೆ ಹುಡುಗಿಯರು ರಸ್ತೆಯ ಆಚೆ ಬದಿ ಹಿಡಿಯುತ್ತಾರೆ. ಹಾಗಾಗಿ ದಾರಿಯ ಒಂದೇ ಬದಿಗೆ ಆಸನ ಇರಲಿ. ಅದೂ ದಾರಿಗೆ ನೇರ ಮುಖವಾಗಿ ಅಲ್ಲ, ಸುಮಾರು 30 ಡಿಗ್ರಿ ಓರೆಯಾಗಿ, ತುಸು ಬಸ್ ಸ್ಟಾಪಿನ ಕಡೆಗೋ ಸಂತೆಯ ಕಡೆಗೋ ತಿರುಗಿ. ಮೂರು ಅಡಿ ಅಗಲದ ಸಾಲಿನಲ್ಲಿ ಅಷ್ಟು ಓರೆ ಹಿಡಿಯುವುದಿಲ್ಲ, ಹಿಂದಿನ 15 ಅಡಿಯಿಂದ ಬೇಕಾದಷ್ಟು ತೆಗೆದುಕೊಳ್ಳಿ. ಕಣ್ಣಿಗೆ ದೂರದಲ್ಲಿ ಒಂದು ಗುರಿ ಇದ್ದರೆ ನೋಟ ಅಲ್ಲಿಗೂ ಇಲ್ಲಿಗೂ ಅಲೆದಾಡುತ್ತದೆ. ಗುರಿ ಇಲ್ಲದಿದ್ದರೆ ಎದುರು ಬಂದ ದೇಹದ ಮೇಲೆ ನೆಟ್ಟುಬಿಡುತ್ತದೆ. ನೋಡುವುದಕ್ಕೂ ದಿಟ್ಟಿಸುವುದಕ್ಕೂ ಇರುವ ವ್ಯತ್ಯಾಸದಲ್ಲಿ ಸ್ವಭಾವದ ಪಾಲಿರುವಂತೆ ಬೆಂಚಿನ ಕೋನದ ಪಾಲೂ ಇದೆ. ಒಳಗಡೆ ಎರಡು ಆಸನ ಎದುರುಬದುರು ಬರಲೇಬೇಕಾದರೆ ನಡುವೆ ಕನಿಷ್ಠ 12 ಅಡಿ ಬಿಡಿ. ಮುಖದ ಭಾವ ಓದಲು 70–80 ಅಡಿಯವರೆಗೂ ಸಾಧ್ಯ, ಹಾಗಾಗಿ ದೂರ ಹೆಚ್ಚಾದರೆ ಮಜಾ ಹೋಗುತ್ತದೆ ಎಂದು ಹೆದರಬೇಕಿಲ್ಲ.

ಮೊದಲ ಸಾಲು 16 ಅಡಿಯ ಮೂರು ತುಂಡು, ನಡುವೆ 8 ಅಡಿಯ ಎರಡು ಸಂದು. ಒಂದೇ 48 ಅಡಿ ಬೆಂಚು ಅಗ್ಗವಾಗುತ್ತದೆ ನಿಜ, ಆದರೆ ಅದು ಗೋಡೆಯಾಗಿ ಹಿಂದಿನ ಜಾಗವನ್ನು ಬಂಧಿಸುತ್ತದೆ. ಈ ಸಾಲಿಗೆ ಒರಗು ಬೇಡ, ಅಗಲ 36 ಇಂಚು ಇರಲಿ. ಆಗ ಒಬ್ಬರು ರಸ್ತೆಗೆ ಮುಖ ಮಾಡಿ ಕೂರುತ್ತಾರೆ, ಇನ್ನೊಬ್ಬರು ಬೆನ್ನು ಹಾಕಿ ಒಳಗೆ ಮುಖ ಮಾಡುತ್ತಾರೆ, ಇಬ್ಬರ ಬೆನ್ನೂ ತಾಗುವುದಿಲ್ಲ. ನೋಟದಿಂದ ತಪ್ಪಿಸಿಕೊಳ್ಳಬೇಕಾದವರು ಏಳಬೇಕಿಲ್ಲ, ತಿರುಗಿದರೆ ಸಾಕು. 24 ಇಂಚು ಮಾಡಿದರೆ ಎರಡೂ ಕಡೆ ಕೂರಲಾಗದು, ಒಂದು ಕಡೆಗೆ ಅಗಲ ಹೆಚ್ಚಾಗುತ್ತದೆ. ಹಾಗೆ ನಡುವೆ ನಿಲ್ಲಬೇಡಿ.

ಹಿಂದಿನ ಸಾಲು 50 ಅಡಿ, ಒರಗು ಇರುವ 18 ಇಂಚು ಅಗಲದ ಬೆಂಚುಗಳು, ಎರಡು ಮೂರು ಕಡೆ ಹಂಚಿ. ಒಬ್ಬರೇ ಬಂದ ಹೆಂಗಸರು, ವಯಸ್ಸಾದವರು ಹುಡುಕುವುದು ಇದನ್ನೇ: ಬೆನ್ನ ಹಿಂದೆ ಯಾರೂ ಇಲ್ಲ ಎಂಬ ಭರವಸೆ, ಮುಂದೆ ಬಯಲು. ಆದರೆ ಬೆನ್ನಿಗೆ ಆಸರೆ ಕೊಡುವ ನೆಪದಲ್ಲಿ ಮೂರು ಕಡೆ ಗೋಡೆಯ ಗೂಡು ಕಟ್ಟಬೇಡಿ. ಒಂದೇ ಬಾಯಿ ಇರುವ ಗೂಡಿನ ಬಾಯಿಗೆ ಒಬ್ಬ ನಿಂತರೆ ಒಳಗಿರುವವಳು ಸಿಕ್ಕಿಕೊಂಡಂತೆ. ಎಲ್ಲಿ ಕೂತರೂ ಏಳಲು ಎರಡು ದಿಕ್ಕು ಇರಬೇಕು. ಗಿಡಗಂಟಿ 2 ಅಡಿ ದಾಟದಂತೆ ಕತ್ತರಿಸಿ, ಮರದ ಕೊಂಬೆ 7 ಅಡಿಗಿಂತ ಕೆಳಗೆ ಇಳಿಯದಿರಲಿ. ನಡುವಿನ ಆ ಐದಡಿಯಲ್ಲೇ ಮುಖಗಳಿರುವುದು.

‘ಮಹಿಳೆಯರಿಗೆ ಮೀಸಲು’ ಎಂಬ ಮೂಲೆ ಮಾಡೋಣವೇ ಎಂದು ಸಂಘದಲ್ಲಿ ಖಂಡಿತ ಕೇಳುತ್ತಾರೆ. ಬಸ್ಸಿನಲ್ಲಿ ಸೀಟು ಎಣಿಕೆಯವು, ಅಲ್ಲಿ ಮೀಸಲು ಬೇಕು. ಬಯಲಿನಲ್ಲಿ ಒಂದು ಮೂಲೆ ಹೆಂಗಸರದು ಎಂದು ಬರೆದ ಕೂಡಲೇ ಉಳಿದದ್ದೆಲ್ಲ ಗಂಡಸರದು ಎಂದು ಓದಿಕೊಳ್ಳುತ್ತಾರೆ. ಅದರ ಬದಲು ಎಂಟು ಹತ್ತು ಹೆಣ್ಣುಮಕ್ಕಳ ಗುಂಪು ವಾರಕ್ಕೆ ಎರಡು ಸಂಜೆ, 5:30ರಿಂದ 7ರವರೆಗೆ, ಆರು ವಾರ ಬಂದು ಮೊದಲ ಸಾಲಿನಲ್ಲೇ ಕೂರಲಿ. ಭಾಷಣ, ಬ್ಯಾನರ್ ಏನೂ ಬೇಡ. ಕಣ್ಣಿಗೆ ರೂಢಿಯಾಗಬೇಕು, ಅಷ್ಟೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ಬಸ್ ಸ್ಟಾಪುಗಳಲ್ಲಿ ಹೆಣ್ಣುಮಕ್ಕಳ ಓಡಾಟ ಎದ್ದು ಕಾಣುತ್ತದೆ. ಅವರು ನಿಮ್ಮ ಜಾಗದ ಪಕ್ಕದಲ್ಲೇ ಚೀಲ ಹಿಡಿದು ನಿಂತಿರುತ್ತಾರೆ. ಮೊದಲ ತುಂಡನ್ನು ಬಸ್ಸಿನ ಬೋರ್ಡು ಓದಲಾಗುವಷ್ಟು ಹತ್ತಿರ ಇಟ್ಟರೆ ಅವರಲ್ಲಿ ಹಲವರು ತಾವಾಗಿ ಬಂದು ಕೂರುತ್ತಾರೆ.

ಎತ್ತರದ ಮಾತು ಚಿಕ್ಕದು. ಆಸನ 18 ಇಂಚು, ಮಕ್ಕಳಿಗೆ ಮತ್ತು ಕುಳ್ಳಗಿನವರಿಗೆ 12 ಇಂಚಿನದು 15 ಅಡಿ. ವಯಸ್ಸಾದವರ ಬೆಂಚಿನ ಕೊನೆಗಳಲ್ಲಿ ಕೈಯೂರಿ ಏಳಲು ಆಸನದಿಂದ 8 ಇಂಚು ಮೇಲೆ ಹಿಡಿ. ಇಡೀ ಜಾಗ ಒಂದೇ ಮಟ್ಟದಲ್ಲಿದ್ದರೆ ಒಳ್ಳೆಯದು. ಎಲ್ಲಾದರೂ ಒಂದೂವರೆ ಅಡಿ ಏರಿಸಿದರೆ 1:12 ಲೆಕ್ಕದಲ್ಲಿ 18 ಅಡಿ ಉದ್ದದ ಇಳಿಜಾರು ಬೇಕು, ಅಷ್ಟು ಜಾಗ ಅದಕ್ಕೇ ಹೋಗುತ್ತದೆ. ಪ್ರತಿ ಬೆಂಚಿನ ಗುಂಪಿನ ಪಕ್ಕ 3×4 ಅಡಿ ಸಮ ನೆಲ ಬಿಡಿ. ಬೆಂಚಿನ ಮುಂದೆ ಅಲ್ಲ, ಪಕ್ಕದಲ್ಲಿ, ಗಾಲಿಕುರ್ಚಿಯವರು ಜೊತೆಯವರ ಭುಜದ ಪಕ್ಕ ಇರುವಂತೆ. ತಿರುಗಲು 5 ಅಡಿ ವೃತ್ತ ಬೇಕು. ಗಾಲಿಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 4 ಅಡಿಗೆ ಬರುತ್ತದೆ. ಕಂಬಿ ಹಾಕುವವರು ಮೇಲಿನ ಅಡ್ಡಕಂಬಿಯನ್ನು ಬಹುಪಾಲು ಅದರ ಹತ್ತಿರವೇ ಹಾಕುತ್ತಾರೆ. ಇಡೀ ಸಂಜೆ ಒಂದು ಕಬ್ಬಿಣದ ಪೈಪು ನೋಡಿಕೊಂಡು ಕೂರಬೇಕಾಗುತ್ತದೆ. ಕಂಬಿಯೇ ಬೇಡ.

ದೀಪದ ವಿಷಯದಲ್ಲಿ ಮಾತ್ರ ಹಟ ಹಿಡಿಯಿರಿ. ತೀರಾ ಎತ್ತರದ ಒಂಟಿ ಕಂಬದ ದೀಪ, ಹೈಮಾಸ್ಟ್, ಹಾಕಿಸಿಕೊಡುತ್ತೇವೆ ಎಂದು ಯಾರಾದರೂ ಮುಂದೆ ಬಂದೇ ಬರುತ್ತಾರೆ. ಹೈಮಾಸ್ಟಿನ ಕೆಳಗೆ ನಡುವಿನ ಜಾಗ ಬೆಳ್ಳಗೆ ಹೊಳೆಯುತ್ತದೆ, ಅಂಚುಗಳು ಇನ್ನಷ್ಟು ಕಪ್ಪಾಗುತ್ತವೆ. ಕತ್ತಲಲ್ಲಿ ನಿಂತವನಿಗೆ ಬೆಳಕಿನಲ್ಲಿರುವವಳು ಪೂರ್ತಿ ಕಾಣುತ್ತಾಳೆ, ಆಕೆಗೆ ಅವನು ಕಾಣುವುದೇ ಇಲ್ಲ. ಡೆಕ್ ಮಾಡುವ ಅನ್ಯಾಯವನ್ನೇ ಇದು ಕತ್ತಲಲ್ಲಿ ಮಾಡುತ್ತದೆ. ಬದಲಿಗೆ 12–14 ಅಡಿ ಎತ್ತರದ ಆರು ಕಂಬ: ಮುಂದಿನ ಅಂಚಿಗೆ ಮೂರು, ಹಿಂದಿನ ಅಂಚಿಗೆ ಮೂರು, ನಡುವೆ 40 ಅಡಿ ಮೀರದ ಅಂತರ. ತಿಳಿ ಹಳದಿ, 3000 ಕೆಲ್ವಿನ್‌ನ ಎಲ್‌ಇಡಿ. ಬಲ್ಬು ಬರಿಗಣ್ಣಿಗೆ ಹೊಡೆಯದಂತೆ ಮುಚ್ಚಳ. ಪರೀಕ್ಷೆ ಸುಲಭ: ರಾತ್ರಿ 9ಕ್ಕೆ ಒಬ್ಬರನ್ನು ಪ್ರತಿ ಮೂಲೆಯಲ್ಲೂ ನಿಲ್ಲಿಸಿ. 15 ಅಡಿ ದೂರದಿಂದ ಅವರ ಮುಖ ಗುರುತಾಗಬೇಕು. ಹಿಂದಿನಿಂದ ಮಾತ್ರ ಬೆಳಕು ಬಿದ್ದರೆ ಮುಖ ಕಪ್ಪಾಗಿ ಆಕಾರ ಮಾತ್ರ ಕಾಣುತ್ತದೆ; ಅಲ್ಲಿ ಕಂಬ ಸರಿಸಿ. ಬೇವು ಬೆಳೆದು ದೀಪ ಮುಚ್ಚುವ ತೊಂದರೆ ಐದಾರು ವರ್ಷಕ್ಕೆ ಬರುತ್ತದೆ, ಆದ್ದರಿಂದ ಕಂಬವೂ ಮರವೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಬೇಡ.

ಇನ್ನು ಬಿಸಿಲು. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳು 40 ಡಿಗ್ರಿ ದಾಟುತ್ತದೆ. ನಮ್ಮ ಊರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆಗ ಚಪ್ಪರ ಸಾಕು. ಕಷ್ಟ ಶುರುವಾಗುವುದು 3ರ ನಂತರ. ಓರೆ ಬಿಸಿಲು ಚಪ್ಪರದ ಕೆಳಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ಸೂರ್ಯ ಮುಳುಗುವುದು ನೇರ ಪಶ್ಚಿಮಕ್ಕಲ್ಲ, ವಾಯವ್ಯದ ಕಡೆ ಸರಿದು. ಹಾಗಾಗಿ ಮರದ ಸಾಲು ಪಶ್ಚಿಮದಿಂದ ವಾಯವ್ಯದ ಮೂಲೆಯವರೆಗೆ ತಿರುಗಬೇಕು. ಬೇವು, ಹೊಂಗೆ, 20–25 ಅಡಿಗೊಂದು. ಅವು ಬೆಳೆಯುವವರೆಗೆ 9–10 ಅಡಿ ಎತ್ತರಕ್ಕೆ ಶೇಡ್ ನೆಟ್, ಹಗ್ಗ ಮತ್ತು ಕೊಕ್ಕೆಯಲ್ಲಿ ಬಿಚ್ಚಿ ಕಟ್ಟುವ ಹಾಗೆ. ಖಾಯಂ ಬಿಗಿದರೆ ಮೇ ತಿಂಗಳ ಗಾಳಿಮಳೆಗೆ ಹರಿದು ಕಂಬವನ್ನೂ ಎಳೆದುಕೊಂಡು ಹೋಗುತ್ತದೆ. ಸಂಜೆ ಕೂರುವ ಆಸನಗಳು ಪಶ್ಚಿಮಕ್ಕೆ ಮುಖ ಮಾಡಬಾರದು. ಕಣ್ಣು ಕುಕ್ಕುತ್ತಿದ್ದರೆ ಎದುರಿಗೆ ಬರುವವರ ಮುಖ ಕಾಣದು, ಕೂತವರ ಮುಖ ಮಾತ್ರ ಅವರಿಗೆ ಹೊಳೆಯುತ್ತದೆ.

ಆಸನಕ್ಕೆ ಶಹಾಬಾದ್ ಪರಸಿಗಿಂತ ಹತ್ತಿರದ, ಅಗ್ಗದ ಕಲ್ಲಿಲ್ಲ. ಆದರೆ ಅದರ ಕಪ್ಪು ಬೂದು ಬಣ್ಣ ಬಿಸಿಲನ್ನು ಕುಡಿದು ಇಟ್ಟುಕೊಳ್ಳುತ್ತದೆ. ಮಧ್ಯಾಹ್ನವೆಲ್ಲ ಬಿಸಿಲು ಬಿದ್ದ ಹಾಸು ಸಂಜೆ ಆರಕ್ಕೂ ಅಂಗೈ ಇಡಲು ಬಿಡುವುದಿಲ್ಲ, ತೆಳು ಸೀರೆಯವರು, ಮಕ್ಕಳು ಕೂರುವುದೇ ಇಲ್ಲ. ಆದ್ದರಿಂದ ಸಂಜೆಯ ಆಸನಕ್ಕೆ ನೆರಳು ಬೇಕಿರುವುದು ಮಧ್ಯಾಹ್ನ 1ರಿಂದ. ಐದಕ್ಕೆ ಒಂದೆರಡು ಕೊಡ ನೀರು ಸುರಿದರೆ ಆರಕ್ಕೆ ಹದವಾಗುತ್ತದೆ. ಹಾಸು ಒಂದೂವರೆ ಇಂಚಿಗಿಂತ ತೆಳುವಾಗಬಾರದು, ಕೆಳಗೆ ಪ್ರತಿ 2 ಅಡಿಗೆ ಇಟ್ಟಿಗೆಯ ಕಂಬ. ಅಂತರ ಹೆಚ್ಚಿಸಿದರೆ ಯಾರಾದರೂ ಮೇಲೆ ಹತ್ತಿ ನಿಂತ ದಿನ ಒಡೆಯುತ್ತದೆ; ತೇರಿನ ದಿನ ಹತ್ತಿಯೇ ಹತ್ತುತ್ತಾರೆ. 36 ಇಂಚು ಅಗಲಕ್ಕೆ 18 ಇಂಚಿನ ಎರಡು ಹಾಸು, ನಡುವೆ ಮಳೆನೀರು ಇಳಿಯಲು ಕಾಲಿಂಚು ಸಂದು. ಅಂಚನ್ನು ಗೌಂಡಿಯಿಂದ ಗುಂಡಗೆ ತೀಡಿಸಿ; ಕತ್ತರಿಸಿದ ಪರಸಿಯ ಚೂಪು ಅಂಚು ತೊಡೆಯ ಹಿಂಭಾಗ ಒತ್ತುತ್ತದೆ, ಹತ್ತು ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತದೆ. ನೆಲಕ್ಕೆ ಪಾಲಿಶ್ ಪರಸಿ ಹಾಕಬೇಡಿ, ಮಳೆಯಲ್ಲಿ ಜಾರುತ್ತದೆ. ಇದು ಸುಣ್ಣದ ಕಲ್ಲು, ಆ್ಯಸಿಡ್ ಹಾಕಿ ತೊಳೆದರೆ ಮೇಲ್ಮೈ ನೊರೆಯೆದ್ದು ತಿಂದುಹೋಗುತ್ತದೆ. ಎಲೆ ಅಡಿಕೆಯ ಕಲೆಗೂ ಸೋಪಿನ ನೀರು, ಬ್ರಷ್ಷು ಮಾತ್ರ.

ಕೆಳಗಿನ ಮಣ್ಣು ಕರಿ ಎರೆ ಆಗಿದ್ದರೆ, ಅದು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಮನೆಯ ಭಾರಕ್ಕೆ ತಡೆದುಕೊಳ್ಳುವ ನೆಲವೂ ಹಗುರ ಬೆಂಚನ್ನು ಎತ್ತಿ ಓರೆ ಮಾಡಿಬಿಡುತ್ತದೆ. ಎರಡಡಿ ತೋಡಿ ಎರೆ ತೆಗೆದು, ಮೊರಂ (ಗರಸು ಮಣ್ಣು) ಅನ್ನು 6 ಇಂಚಿನ ಪದರವಾಗಿ ನೀರು ಹಾಕಿ ಧಮ್ಮಸು ಮಾಡಿ, ಮೇಲೆ 4 ಇಂಚು 1:4:8 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟ್. ಪ್ರತಿ 16 ಅಡಿ ಬೆಂಚನ್ನು 8 ಅಡಿಯ ಎರಡು ಬಿಡಿ ತುಂಡಾಗಿ ಮಾಡಿ. ಒಂದು ಎದ್ದರೂ ಇನ್ನೊಂದು ಬಿರುಕು ಬಿಡದು.

ದಾಲ್ ಮಿಲ್ಲಿನಲ್ಲಿ ಚೀಲ ಹೊತ್ತು ಬಂದ ಹಮಾಲ ಮಧ್ಯಾಹ್ನ ಮಲಗುತ್ತಾನೆ ಎಂದು ಬೆಂಚಿನ ನಡುವೆ ಕಬ್ಬಿಣದ ಹಿಡಿ ಜಡಿಸುವುದು ಈಗ ಎಲ್ಲ ಊರಿನ ರೂಢಿ. ದಯವಿಟ್ಟು ಮಾಡಬೇಡಿ. ಮಲಗುವುದು ತಪ್ಪಲ್ಲ, ಅವನಿಗೆ ಬೇರೆ ಜಾಗವಿಲ್ಲ. ಮರದ ಕೆಳಗೆ 20 ಅಡಿ ಉದ್ದ, 3 ಅಡಿ ಅಗಲದ ಹಾಸನ್ನು ಅದಕ್ಕೆಂದೇ ಹಿಂದೆ ಹಾಕಿ, ಮೂವರು ಆರಾಮವಾಗಿ ಒರಗುತ್ತಾರೆ. ಅದಿದ್ದರೆ ಮುಂದಿನ ಬೆಂಚಿನಲ್ಲಿ ಮಲಗುವವರೇ ಕಡಿಮೆ. ಸಂಜೆ ಅದೇ ಹಾಸಿನ ಮೇಲೆ ಒಂದಿಡೀ ಮನೆಮಂದಿ ಬುತ್ತಿ ಬಿಚ್ಚಿ ಕೂರುತ್ತಾರೆ. ಇಲ್ಲಿಗೆ ನಿಮ್ಮ 133 ಅಡಿ ಪೂರ್ತಿಯಾಯಿತು: 48, 50, 15, 20.

ಬೈಕು ದೊಡ್ಡ ತಲೆನೋವು. ಮುಂದೆ ಹತ್ತು ಬೈಕು ನಿಂತರೆ ಕೂತವರಿಗೆ ಏನೂ ಕಾಣದು, ಬೈಕೇ ಹುಡುಗರ ಸಿಂಹಾಸನವಾಗುತ್ತದೆ. ಗೂಟ ನೆಟ್ಟು ತಡೆಯೋಣ ಎಂದರೆ ಗಾಲಿಕುರ್ಚಿಗೆ ಬೇಕಾದ 3 ಅಡಿ ಸಂದಿನಲ್ಲಿ ಬೈಕೂ ನುಗ್ಗುತ್ತದೆ. ಸಂದು ಕಿರಿದು ಮಾಡಿದರೆ ಮೊದಲು ಹೊರಗುಳಿಯುವುದು ಗಾಲಿಕುರ್ಚಿ. ಪೂರ್ತಿ ಪರಿಹಾರ ಇದಕ್ಕಿಲ್ಲ. ಕೆಲಸ ಮಾಡುವುದು ಎರಡು ಉಪಾಯ ಸೇರಿ: 40–50 ಅಡಿ ದೂರದಲ್ಲಿ ನೆರಳಿರುವ ಬೈಕ್ ಸಾಲು ಗುರುತು ಮಾಡುವುದು, ಮತ್ತು 3 ಅಡಿಯ ಪ್ರವೇಶವನ್ನು ಚಹಾ ಬಂಡಿಯ ಎದುರಿಗೇ ಇಡುವುದು. ದಿನವಿಡೀ ಅಲ್ಲೇ ಇರುವ ಆ ವ್ಯಾಪಾರಿ ‘ತಮ್ಮಾ, ಗಾಡಿ ಆಕಡಿ ಹಚ್ಚು’ ಎನ್ನುವುದಕ್ಕೆ ಸಿಳ್ಳೆ ಹೊಡೆಯುವ ವಾಚ್‌ಮನ್‌ಗಿಂತ ಹೆಚ್ಚು ಬೆಲೆ ಇದೆ. ವಾಚ್‌ಮನ್ ಇಟ್ಟರೆ ‘ಯಾರು ಮರ್ಯಾದಸ್ತರು’ ಎಂದು ಬಟ್ಟೆ ನೋಡಿ ತೀರ್ಮಾನಿಸುವ ಅಧಿಕಾರ ಅವನಿಗೆ ಹೋಗುತ್ತದೆ.

ಬಂಡಿಗಳು ನಾಲ್ಕಕ್ಕೆ ಸಾಕು, ಒಂದಕ್ಕೆ 6×5 ಅಡಿ, ರಸ್ತೆ ಬದಿಯ ಪಟ್ಟಿಯಲ್ಲಿ. ಚಹಾ, ಗಿರ್ಮಿಟ್, ಹೂವು, ಹಣ್ಣು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಜಾಗ ಹಂಚುವ ಮಾತನ್ನು ಅಲ್ಲಿಗೇ ಒಯ್ಯಿರಿ, ಸಂಘವೇ ಬಾಡಿಗೆ ವಸೂಲಿಗೆ ಇಳಿಯಬೇಡಿ. ಬಂಡಿಯವರ ಸ್ಟೂಲುಗಳು ದಿನಕ್ಕೊಂದು ಅಡಿ ಮುಂದೆ ಬರುತ್ತವೆ, ಆಮೇಲೆ ‘ಚಹಾ ಕುಡಿಯೋದಿದ್ದರೆ ಕೂಡ್ರಿ’ ಶುರುವಾಗುತ್ತದೆ. ಪಟ್ಟಿಯ ಗಡಿಗೆ ಬೇರೆ ಬಣ್ಣದ ಕಲ್ಲಿನ ಗೆರೆ ಹಾಕಿ, ‘ಕೂಡಲು ಏನೂ ಕೊಳ್ಳಬೇಕಿಲ್ಲ’ ಎಂದು ಕನ್ನಡ, ಉರ್ದು ಎರಡರಲ್ಲೂ ಬರೆಸಿ, ಓದಲು ಬಾರದವರಿಗೆ ಒಂದು ಚಿತ್ರ ಬಿಡಿಸಿ. ಬೇಸಿಗೆಗೆ ಅರವಟಿಗೆ ಇರಲಿ. ಹೆಂಗಸರ ಶೌಚಾಲಯ ನಾಲ್ಕೈದು ನಿಮಿಷದ ನಡಿಗೆಯೊಳಗೆ ಇಲ್ಲದಿದ್ದರೆ ಅವರ ಕೂರುವ ಹೊತ್ತು ಅರ್ಧ ತಾಸಿಗೆ ಮುಗಿಯುತ್ತದೆ. ಕಾರಂಜಿಗೆ ರೊಕ್ಕ ಇದ್ದರೆ ಅದನ್ನು ಇದಕ್ಕೆ ಹಾಕಿ.

ಹಿಂದಿನ ಭಾಗದಲ್ಲಿ ಒಂದು ಹಾಸಿನ ಮೇಲೆ ಚೌಕಾಬಾರದ ಮನೆ ಕೆತ್ತಿಸಿ: ಐದು ಸಾಲು, ಐದು ಕಾಲಂ, ಮನೆಗೆ 3 ಇಂಚು, ಗೆರೆ ಕಾಲಿಂಚು ಆಳ. ಪಕ್ಕದಲ್ಲಿ ಹುಲಿಕುರಿ ಆಟದ ಮನೆ. ಕಲ್ಲಿನ ಸುತ್ತ ನಾಲ್ಕೂ ಕಡೆ ಕೂರಲು 12 ಇಂಚಿನ ಆಸನ. ಹುಣಸೆ ಬೀಜ ಹಿಡಿದು ಇಬ್ಬರು ಅಜ್ಜಿಯರು ಆಡತೊಡಗಿದರೆ ಸುತ್ತ ಆರು ಜನ ನಿಲ್ಲುತ್ತಾರೆ, ‘ಆ ಕಾಯಿ ನಡಸ್ರೀ’ ಎಂದು ಅಪರಿಚಿತನೊಬ್ಬ ಬಾಯಿ ಹಾಕುತ್ತಾನೆ. ಜಾತಿ, ಓಣಿ ಕೇಳದೆ ಶುರುವಾಗುವ ಮಾತಿಗೆ ಇದಕ್ಕಿಂತ ಅಗ್ಗದ ಸಲಕರಣೆ ಇಲ್ಲ.

ಇಷ್ಟೆಲ್ಲ ಓದಿ ನೇರ ಗೌಂಡಿಯನ್ನು ಕರೆಯಬೇಡಿ. ಮೊದಲು ಶಾಮಿಯಾನ ಅಂಗಡಿಯಿಂದ 40 ಪ್ಲಾಸ್ಟಿಕ್ ಕುರ್ಚಿ ಎರಡು ವಾರಕ್ಕೆ ಬಾಡಿಗೆಗೆ ತನ್ನಿ. ಸಾಲಾಗಿ ಜೋಡಿಸದೆ ನಡುವೆ ಗುಂಪು ಹಾಕಿ ಬಿಟ್ಟುಬಿಡಿ. ಜನ ಕುರ್ಚಿ ಎತ್ತಿಕೊಂಡು ತಮಗೆ ಬೇಕಾದ ಕಡೆ, ಬೇಕಾದ ಮುಖಕ್ಕೆ ಇಟ್ಟುಕೊಳ್ಳುತ್ತಾರೆ. ಕಾರಣವಿಲ್ಲದಿದ್ದರೂ ನಾಲ್ಕಿಂಚು ಸರಿಸಿಯೇ ಕೂರುತ್ತಾರೆ. ಪ್ರತಿ ಸಂಜೆ 6:30ಕ್ಕೆ ಮತ್ತು 8ಕ್ಕೆ ಕುರ್ಚಿ ನಿಂತ ಜಾಗ, ಅದರ ಮುಖ, ಕೂತವರು ಗಂಡಸೋ ಹೆಂಗಸೋ ಎಂದು ನಕ್ಷೆಯಲ್ಲಿ ಬರೆಯಿರಿ, ನೆಲದ ಮೇಲೆ ಸುಣ್ಣದ ಪುಡಿಯ ಗುರುತು ಹಾಕಿ. ಎರಡನೇ ವಾರದ ಕೊನೆಗೆ ಸುಣ್ಣ ದಟ್ಟವಾಗಿರುವ ಕಡೆ ಬೆಂಚು. ನನ್ನ 7 ಅಡಿ, 30 ಡಿಗ್ರಿಗಿಂತ ಸುಣ್ಣ ಬೇರೆ ಹೇಳಿದರೆ ಸುಣ್ಣದ ಮಾತು ಕೇಳಿ. ಕುರ್ಚಿ ಕಳುವಾಗುತ್ತದೆ ಎಂಬ ಭಯವಿದ್ದರೆ ರಾತ್ರಿ ಎತ್ತಿಡುವ ಜವಾಬ್ದಾರಿಯನ್ನು ಚಹಾ ಬಂಡಿಯವರಿಗೆ ಕೂಲಿ ಕೊಟ್ಟು ಒಪ್ಪಿಸಿ. ಕಟ್ಟಿದ ಮೇಲೂ ಹತ್ತು ಹನ್ನೆರಡು ಕುರ್ಚಿ ಹಾಗೇ ಉಳಿಸಿಕೊಳ್ಳಿ.

ಆರು ತಿಂಗಳ ನಂತರ ಅದೇ ಹೊತ್ತಿಗೆ, ಅದೇ ರೀತಿ ಮತ್ತೆ ಎಣಿಸಿ. ಒಬ್ಬಳೇ ಕೂತ ಹೆಣ್ಣುಮಗಳ ಕಾಲಂ ಇನ್ನೂ ಸೊನ್ನೆ ಇದ್ದರೆ ಮೊದಲು ದೀಪ ನೋಡಿ, ಆಮೇಲೆ ಬೈಕು, ಆಮೇಲೆ ಬೆಂಚಿನ ಮುಖ. ಬೆಂಚನ್ನು 8 ಅಡಿಯ ತುಂಡಾಗಿ ಮಾಡಿಸಿದ್ದರಿಂದ ಒಂದನ್ನು ಬಿಚ್ಚಿ ಬೇರೆ ಮುಖಕ್ಕೆ ಕೂರಿಸುವುದು ಗೌಂಡಿಗೂ ಇಬ್ಬರು ಆಳುಗಳಿಗೂ ಎರಡು ದಿನದ ಕೆಲಸ. ಅಷ್ಟು ರೊಕ್ಕವನ್ನು ಈಗಲೇ ಲೆಕ್ಕದಲ್ಲಿ ಬೇರೆ ತೆಗೆದಿಡಿ.